ಹಬ್ಬದೂಟದಲ್ಲಿ ಪಾಲಿನ ಮಾತೆತ್ತುವ ಚಿಕ್ಕಪ್ಪ

ಪ್ರಶ್ನೆ: ಕೋಲಾರದ ನಮ್ಮ ಅಜ್ಜಿಯ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಮೂರು ಮಕ್ಕಳ ಸಂಸಾರಗಳೂ ಸೇರುತ್ತವೆ. ಬೆಳಗಿನ ಆರಾಧನೆ ಮುಗಿಸಿ ಬಂದು ಬಿರಿಯಾನಿ ಬಡಿಸುವ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪ, ತಾತ ಬಿಟ್ಟುಹೋದ ಮನೆಯ ವಿಷಯ ತೆಗೆದು, ‘ಮದುವೆಯಾಗಿ ಹೋದವಳಿಗೆ ಇಲ್ಲೇನು ಪಾಲು’ ಎಂದು ಅತ್ತೆಯನ್ನು ಚುಚ್ಚುತ್ತಾರೆ. ಕಳೆದ ವರ್ಷ ಅತ್ತೆ ಅರ್ಧ ಊಟಕ್ಕೇ ಎದ್ದು ಹೊರಟುಹೋದರು. ಚಿಕ್ಕಪ್ಪನಿಗೆ ಎದುರಾಡಿದ್ದಕ್ಕೆ ನಾನು ಅಪ್ಪನಿಂದ ಬೈಸಿಕೊಂಡೆ. ಈ ಸಲ ಅವರನ್ನು ಕರೆಯುವುದೇ ಬೇಡವೆಂದರೆ ಅಜ್ಜಿ ಅಳುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಕೋಲಾರ

ಉತ್ತರ: ಅಜ್ಜಿ ಇರುವ ಮನೆಗೆ ಅವರ ಮಗ ಬರಬಾರದೆನ್ನುವ ಅಧಿಕಾರ ನಿಮಗೂ ಇಲ್ಲ, ನಿಮ್ಮ ತಂದೆಗೂ ಇಲ್ಲ, ಆ ಯೋಚನೆ ಬಿಡಿ. ಆದರೆ ಚಿಕ್ಕಪ್ಪನವರ ಮಾತು ಒರಟಾಗಿರುವುದರ ಜೊತೆಗೆ ತಪ್ಪೂ ಆಗಿದೆ. ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಲ್ ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಸಮ. ಮಗ, ಮಗಳು ಎಂಬ ಭೇದವಾಗಲೀ ಮದುವೆಯಾಯಿತೆಂಬ ನೆಪವಾಗಲೀ ಅಲ್ಲಿಲ್ಲ. ತಾತ ವಿಲ್ ಬರೆದಿಲ್ಲದಿದ್ದರೆ, ಅವರ ಮನೆಯನ್ನು ಒಂಬತ್ತು ಪಾಲೆಂದುಕೊಳ್ಳಿ: ಅಜ್ಜಿಗೆ ಮೂರು, ನಿಮ್ಮ ತಂದೆ, ಚಿಕ್ಕಪ್ಪ, ಅತ್ತೆ ಮೂವರಿಗೂ ಎರಡೆರಡು.

ಈ ಲೆಕ್ಕವನ್ನು ಎಲ್ಲರೂ ಊಟಕ್ಕೆ ಕುಳಿತಾಗ ತೆಗೆಯಬೇಡಿ, ನೀವಂತೂ ತೆಗೆಯಲೇಬೇಡಿ. ಅಣ್ಣನ ಮಗಳು ಕಾನೂನು ಹೇಳಿದರೂ ಚಿಕ್ಕಪ್ಪನಿಗೆ ಅದು ಎದುರುತ್ತರವಾಗಿಯೇ ಕೇಳಿಸುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ತಂದೆಯವರ ನಡತೆ. ತಂಗಿ ಊಟ ಬಿಟ್ಟು ಎದ್ದುಹೋದ ದಿನ ಅವರು ಬೈದದ್ದು ಮಗಳನ್ನು! ಡಿಸೆಂಬರ್ ಮೊದಲ ವಾರದಲ್ಲೇ ಅವರು ತಮ್ಮನ ಮನೆಗೆ ಒಬ್ಬರೇ ಹೋಗಿ, ಹೊಸ ವರ್ಷ ಕಳೆದ ಮೇಲೆ ಒಂದು ದಿನ ಗೊತ್ತುಮಾಡಿ, ಅಜ್ಜಿ ಮತ್ತು ಅತ್ತೆಯ ಎದುರಿಗೆ, ಬೇಕಿದ್ದರೆ ವಕೀಲರೊಬ್ಬರನ್ನೂ ಕೂರಿಸಿಕೊಂಡು ಮನೆಯ ವಿಷಯ ಮಾತನಾಡೋಣ, ಹಬ್ಬದ ದಿನ ಮಾತ್ರ ಬೇಡ ಎಂದು ಹೇಳಿ ಬರಲಿ. ತಮ್ಮ ಒಪ್ಪದಿದ್ದರೆ ಸಭಾಪಾಲಕರಿಂದ ಹೇಳಿಸಬಹುದು, ಆದರೆ ಅದು ಕೊನೆಗಿರಲಿ. ಮನೆಯ ಜಗಳ ಚರ್ಚಿನ ಅಂಗಳ ತಲುಪಿದರೆ ಊರಿಗೆಲ್ಲ ತಲುಪಿದಂತೆಯೇ.

ಅಷ್ಟಾದ ಮೇಲೂ ಊಟದ ನಡುವೆ ಮಾತು ಬಂದರೆ, ‘ಅದಕ್ಕೆ ದಿನ ಗೊತ್ತಾಗಿದೆ’ ಎಂದಷ್ಟೇ ನಿಮ್ಮ ತಂದೆ ಹೇಳಲಿ, ನೀವು ಅತ್ತೆಯ ಪಕ್ಕದಲ್ಲಿ ಕುಳಿತು ಊಟ ಮಾಡಿ. ಅವರಿಗೆ ಫೋನ್ ಮಾಡಲು ಮಾತ್ರ ಡಿಸೆಂಬರಿನವರೆಗೆ ಕಾಯಬೇಡಿ.