ಪಿಯರ್ ಆಕಾರದ ಮೈಕಟ್ಟಿಗೆ ಒಳ ಉಡುಪು ಮತ್ತು ಉಡುಗೆಯನ್ನು ಆರಿಸಿಕೊಳ್ಳುವುದು ಹೇಗೆ?

ಎದೆ 34, ಸೊಂಟ 29, ಹಿಪ್ (ಪೃಷ್ಠದ ಸುತ್ತಳತೆ) 41 ಇಂಚು ಎಂದು ಬರೆದಿದ್ದೀರಿ. ಹೀಗೆ ಎದೆಗಿಂತ ಹಿಪ್ ಅಗಲವಾಗಿರುವ ಮೈಕಟ್ಟನ್ನೇ ಪಿಯರ್ ಆಕಾರ ಎನ್ನುವುದು. ಎದೆಯ ಅಳತೆಗೆ ಕೊಂಡ ಕುರ್ತಾ ಹಿಪ್ ಬಳಿ ಹಿಡಿಯುತ್ತದೆ, ಹಿಪ್‌ಗೆಂದು ಕೊಂಡದ್ದು ಭುಜದಿಂದ ಜಾರುತ್ತದೆ, ಸೀರೆ ಉಟ್ಟರೆ ಇನ್ನೂ ದಪ್ಪ ಕಾಣುತ್ತೇನೆ, ಮೈಯನ್ನು ಒತ್ತಿ ಹಿಡಿಯುವ ಒಳ ಉಡುಪಾದ ಶೇಪ್‌ವೇರ್ ಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ. ಹೆಂಗಸರ ಬಟ್ಟೆ ಹೊಲಿಯುವುದೇ ನನ್ನ ವೃತ್ತಿಯಾದ್ದರಿಂದ ಇಂಥ ಅಳತೆಗಳು ನನಗೆ ಹೊಸತಲ್ಲ. ಶೇಪ್‌ವೇರ್ ಸದ್ಯಕ್ಕೆ ಬದಿಗಿರಲಿ, ನೀವು ಮೊದಲು ಬದಲಿಸಬೇಕಾದದ್ದು ಒಳಲಂಗವನ್ನು.

ಹಿಪ್‌ಗೆ ಸಾಲುವಷ್ಟು ಅಗಲದ ರೆಡಿಮೇಡ್ ಒಳಲಂಗವನ್ನು ಕೊಂಡು ಲಾಡಿ ಎಳೆದು ಕಟ್ಟಿದಾಗ, ನಿಮ್ಮ ಅಳತೆಯಲ್ಲಿ ಸುಮಾರು ಹನ್ನೆರಡು ಇಂಚು ಬಟ್ಟೆ ಸೊಂಟದ ಸುತ್ತ ಸುಕ್ಕುಗಟ್ಟಿ ನಿಲ್ಲುತ್ತದೆ. ಅದರ ಮೇಲೆ ಸೀರೆಯ ನೆರಿಗೆಯೂ ಸೇರಿದರೆ ಇಲ್ಲದ ದಪ್ಪವೂ ಬರುತ್ತದೆ. ಆರು ಅಥವಾ ಎಂಟು ಕಲಿಗಳ (ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಬಟ್ಟೆಯ ತುಂಡುಗಳ) ಒಳಲಂಗವನ್ನು ಹೊಲಿಸಿಕೊಳ್ಳಿ. ಪಟ್ಟಿ ಸೊಂಟದ ಅಳತೆಗೇ ಇದ್ದು, ಪಕ್ಕದಲ್ಲಿ ಉದ್ದನೆಯ ಸೀಳು ಬಿಟ್ಟು ಹುಕ್ ಹಾಕಿಸಿದರೆ ಹಾಕಿ ತೆಗೆಯುವುದಕ್ಕೂ ತೊಂದರೆಯಾಗದು. ಲಾಡಿಯೇ ಬೇಕೆನ್ನುವವರು ಗಂಟನ್ನು ನೆರಿಗೆ ಸಿಕ್ಕಿಸುವ ಜಾಗಕ್ಕೆ ತರದೆ ಪಕ್ಕಕ್ಕೆ ಸರಿಸಿಕೊಳ್ಳಬೇಕು. ಈಗ ಎಲ್ಲೆಡೆ ಸಿಗುವ, ಮೈಗಂಟುವ ಫಿಶ್‌ಕಟ್ ಪೆಟಿಕೋಟ್ ಸೊಂಟದಲ್ಲಿ ನಯವಾಗಿ ಕೂರುವುದೇನೋ ನಿಜ, ಆದರೆ ತೊಡೆಯ ಆಕಾರವನ್ನೂ ಎತ್ತಿ ತೋರಿಸುತ್ತದೆ. ಕೊಳ್ಳುವುದಾದರೆ ಮೊಣಕಾಲಿನ ಕೆಳಗೆ ಸೀಳಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಛತ್ರದ ಮೆಟ್ಟಿಲು ಹತ್ತುವುದೇ ಕಷ್ಟವಾದೀತು.

ಪ್ಯಾಂಟಿಯನ್ನು ಸೊಂಟದ ಅಳತೆಗಲ್ಲ, ಹಿಪ್ ಅಳತೆಗೆ ಆರಿಸಬೇಕು. ಬಟ್ಟೆಯ ಮೇಲೆ ಗೆರೆ ಮೂಡುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಚಿಕ್ಕ ಸೈಜಿನ ಎಲಾಸ್ಟಿಕ್ ಮಾಂಸದೊಳಗೆ ಕಚ್ಚಿಕೊಳ್ಳುವುದು. ತೊಡೆ ಉಜ್ಜಿ ಉರಿಯಾಗುವವರಿಗೆ ತೊಡೆಯ ಅರ್ಧದವರೆಗೆ ಬರುವ ಹತ್ತಿಯ ಶಾರ್ಟ್ಸ್ ಬಹಳ ಹಿತ. ಬ್ರಾ ವಿಷಯದಲ್ಲಿ, ಎದೆಯ ಕೆಳಗಿನ ಸುತ್ತಳತೆ ಮತ್ತು ಎದೆಯ ಸುತ್ತಳತೆ ಎರಡನ್ನೂ ಬೇರೆ ಬೇರೆಯಾಗಿ ಅಳೆದುಕೊಳ್ಳಿ. ಕೆಳಭಾಗವನ್ನು ನೋಡಿ ಅಂಗಡಿಯವರು ಕೊಡುವ ದೊಡ್ಡ ಸೈಜನ್ನು ಒಪ್ಪಿಕೊಳ್ಳಬೇಡಿ. ತೆಳುವಾದ ಪ್ಯಾಡ್ ಇರುವ ಬ್ರಾ ಮೇಲ್ಭಾಗವನ್ನು ತುಸು ತುಂಬಿಸಿ ಕೆಳಭಾಗದೊಂದಿಗೆ ಹೊಂದಿಸುತ್ತದೆ. ಯಾವುದನ್ನು ತೊಡುತ್ತೀರೋ ಅದನ್ನೇ ತೊಟ್ಟು ರವಿಕೆಯ ಅಳತೆ ಕೊಡಬೇಕೆಂಬುದು ದರ್ಜಿಯಾಗಿ ನನ್ನ ವಿನಂತಿ. ಶೇಪ್‌ವೇರ್ ಕೊಂಡೇ ತೀರುವುದಾದರೆ ನಿಮ್ಮ ಸೈಜಿನದನ್ನೇ ಕೊಳ್ಳಿ, ಏಕೆಂದರೆ ಒಂದು ಸೈಜ್ ಚಿಕ್ಕದಾದರೂ ಒತ್ತಿದ ಮಾಂಸ ಸೊಂಟದ ಮೇಲೆ ಮಡಿಕೆಯಾಗಿ ಉಬ್ಬುತ್ತದೆ.

ಸೀರೆಯಲ್ಲಿ ಬಣ್ಣಕ್ಕಿಂತ ಬಟ್ಟೆ ಬೀಳುವ ರೀತಿ ಮುಖ್ಯ. 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯ ರೇಷ್ಮೆ ಸೀರೆಗಳು ಬಿಗಿಯಾಗಿ ಹುರಿಮಾಡಿದ ನೂಲಿನ ಕ್ರೇಪ್ ಆದ್ದರಿಂದ ಉಬ್ಬದೆ ನೇರವಾಗಿ ಇಳಿಯುತ್ತವೆ. ಜಾರ್ಜೆಟ್ಟಿನ ಗುಣವೂ ಹೆಚ್ಚುಕಡಿಮೆ ಇದೇ. ಆರ್ಗಂಜಾ ಮತ್ತು ಗಂಜಿ ಹಾಕಿದ ಹತ್ತಿ ಸೀರೆಗಳು ಹಿಪ್ ಬಳಿ ಕೊಡೆಯಂತೆ ಅರಳುತ್ತವೆ. ಹಾಗೆಂದು ಅವನ್ನು ಬಿಟ್ಟುಬಿಡಬೇಕಿಲ್ಲ, ಹಿಂದಿನ ದಿನವೇ ನೆರಿಗೆ ಹಿಡಿದು ಇಸ್ತ್ರಿ ಮಾಡಿಟ್ಟರೆ ಸಾಕಷ್ಟು ಅಡಗುತ್ತವೆ. ರವಿಕೆಗೆ ಬೋಟ್ ನೆಕ್ (ಭುಜದಿಂದ ಭುಜಕ್ಕೆ ಅಗಲವಾದ ಕೊರಳು) ಇಲ್ಲವೇ ಸಣ್ಣ ಪಫ್ ತೋಳು ಇಡಿಸಿದರೆ ಭುಜ ಅಗಲವಾಗಿ ಕಾಣುತ್ತದೆ.

ಕುರ್ತಾವನ್ನು ಭುಜ ಮತ್ತು ಎದೆಗೆ ಸರಿಯಾಗಿ ಕೂರುವಂತೆ ಕೊಳ್ಳಿ, ಏಕೆಂದರೆ ಭುಜವನ್ನು ಬಿಚ್ಚಿ ಸರಿಮಾಡುವುದು ದುಬಾರಿ ಕೆಲಸ. ಹಿಪ್‌ನಲ್ಲಿ ಹಿಡಿಯುತ್ತಿದ್ದರೆ, ಪಕ್ಕದ ಸೀಳು ಹಿಪ್ಪಿನ ಅತಿ ಅಗಲವಾದ ಜಾಗಕ್ಕಿಂತ ಸುಮಾರು ಎರಡು ಇಂಚು ಮೇಲಿನಿಂದಲೇ ಶುರುವಾಗುವಂತೆ ಬಿಚ್ಚಿಸಿ, ಒಳಗೆ ಲೆಗ್ಗಿಂಗ್ಸ್ ಬದಲು ನೇರ ಪ್ಯಾಂಟ್ ತೊಡಿ. ಕುರ್ತಾ ಸರಿಯಾಗಿ ಹಿಪ್ಪಿನ ಮೇಲೆಯೇ ಮುಗಿದರೆ ನೋಟವೆಲ್ಲ ಅಲ್ಲಿಗೇ ಹೋಗುತ್ತದೆ, ಆದ್ದರಿಂದ ಉದ್ದ ಕನಿಷ್ಠ ತೊಡೆಯ ಅರ್ಧ ದಾಟಲಿ. ಕೆಳಗೆ ಹೋದಂತೆ ಅಗಲವಾಗುವ ಎ-ಲೈನ್ ಕುರ್ತಾಗಳಿಗೆ ಈ ತಾಪತ್ರಯವೇ ಇಲ್ಲ.

ಪ್ಯಾಂಟಿನದು ಇದಕ್ಕೆ ತದ್ವಿರುದ್ಧ. ಹಿಪ್ ಮತ್ತು ತೊಡೆಗೆ ಸರಿಹೋಗುವುದನ್ನು ಕೊಂಡು, ಕುಳಿತು ನೋಡಿ, ಸೊಂಟದಲ್ಲಿ ಉಳಿಯುವ ಸಡಿಲವನ್ನು ಹಿಂಭಾಗದ ನಡುಹೊಲಿಗೆಯಲ್ಲಿ ಅಥವಾ ಎರಡು ಡಾರ್ಟ್ (ಬಟ್ಟೆಯನ್ನು ಮಡಿಸಿ ಹಾಕುವ ಚೂಪು ಹೊಲಿಗೆ) ಹಿಡಿದು ಕಡಿಮೆ ಮಾಡಿಸಿ. ಹತ್ತಿಯದಾಗಿದ್ದರೆ ಆಲ್ಟರ್‌ಗೆ ಕೊಡುವ ಮುನ್ನ ಒಮ್ಮೆ ಒಗೆದುಕೊಳ್ಳಿ, ಹೊಸ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗಬಹುದು.