ಓದುಗರ ಪ್ರಶ್ನೆ, ತಜ್ಞರ ಉತ್ತರ: ಎಟಿಜಿ7 ಎಂಬ ಕಿಣ್ವಕ್ಕೆ ಎರಡು ಕಡೆ ಕೆಲಸ

ಜೀವಕೋಶ ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ಪೊರೆಯಲ್ಲಿ ಸುತ್ತಿ, ಲೈಸೋಸೋಮ್ ಎಂಬ ಜೀರ್ಣಚೀಲಕ್ಕೆ ಸಾಗಿಸಿ ಕರಗಿಸುತ್ತದೆ. ಇದೇ ಆಟೋಫೇಜಿ. ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು, ಇದಕ್ಕೆ ಬೇಕಾದ ಎಟಿಜಿ7 ಎಂಬ ಒಂದೇ ಕಿಣ್ವದ ಸುತ್ತ ಇದ್ದವು. ಅವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಎಂ.ಎಸ್‌ಸಿ. ಜೀವರಸಾಯನಶಾಸ್ತ್ರ ಓದುತ್ತಿದ್ದೇನೆ. ಎಟಿಜಿ7 ಅನ್ನು ‘ಇ1 ತರಹದ ಕಿಣ್ವ’ ಎನ್ನುತ್ತಾರೆ. ಅದು ಎಟಿಜಿ8, ಎಟಿಜಿ12 ಎಂಬ ಎರಡು ಪ್ರೋಟೀನುಗಳನ್ನೂ ಸಕ್ರಿಯಗೊಳಿಸುತ್ತದಂತೆ. ಒಂದೇ ಕಿಣ್ವ ಎರಡನ್ನು ನೋಡಿಕೊಂಡರೆ ಅದಲು ಬದಲು ಆಗುವುದಿಲ್ಲವೇ?

ಉತ್ತರ: ಒಳ್ಳೆಯ ಅನುಮಾನ. ಯುಬಿಕ್ವಿಟಿನ್ ಕಡೆಯಿಂದ ಬಂದರೆ ಸುಲಭವಾಗುತ್ತದೆ. ಅದು 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಬೇರೆ ಪ್ರೋಟೀನಿಗೆ ಅಂಟಿ, ಬಹಳ ಸಲ ಅದನ್ನು ನಾಶಕ್ಕೆ ಕಳಿಸುತ್ತದೆ. ಆದರೆ ಸುಮ್ನೆ ಪಕ್ಕದಲ್ಲಿ ಬಂದು ನಿಂತರೆ ಅಂಟುವುದಿಲ್ಲ. ಅದರ ಬಾಲದ ತುದಿಯಲ್ಲಿರುವ ಗ್ಲೈಸಿನ್‌ನ ಕಾರ್ಬಾಕ್ಸಿಲ್ ಗುಂಪು ರಾಸಾಯನಿಕವಾಗಿ ಸೋಮಾರಿ. ಅದನ್ನು ಎಬ್ಬಿಸುವ ಕೆಲಸ ಇ1 ಕಿಣ್ವದ್ದು. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಒಂದನ್ನು ಖರ್ಚು ಮಾಡಿ, ಅದರ ತುಣುಕಾದ ಎಎಂಪಿಯನ್ನು ಬಾಲಕ್ಕೆ ಕೂರಿಸುತ್ತದೆ. ಆಮೇಲೆ ಎಎಂಪಿಯನ್ನು ಬಿಡಿಸಿ, ಬಾಲವನ್ನು ತನ್ನ ಸಿಸ್ಟೀನಿನ ಗಂಧಕಕ್ಕೆ ಥಯೋಎಸ್ಟರ್ ಬಂಧದಲ್ಲಿ ಕಟ್ಟಿಕೊಳ್ಳುತ್ತದೆ. ಆ ಬಂಧದಲ್ಲಿ ಶಕ್ತಿ ಉಳಿದಿರುತ್ತದೆ. ಹಾಗಾಗಿ ಮುಂದೆ ಇ2 ಕಿಣ್ವಕ್ಕೆ, ಅಲ್ಲಿಂದ ಗುರಿಗೆ ದಾಟುವುದು ಸಲೀಸು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಕೈಯಿಂದ ಕೈಗೆ ಹೋಗುತ್ತದಲ್ವಾ, ಹಾಗೆ.

ಎಟಿಜಿ8, ಎಟಿಜಿ12 ಯುಬಿಕ್ವಿಟಿನ್‌ನ ದೂರದ ನೆಂಟರು. ಅಮೈನೋ ಆಮ್ಲಗಳ ಸಾಲಿನಲ್ಲಿ ಹೋಲಿಕೆ ಕಡಿಮೆ, ಮಡಚಿಕೊಂಡ ಆಕಾರ ಮಾತ್ರ ಅದೇ. ಜಪಾನಿನ ಯೊಶಿನೊರಿ ಒಸುಮಿ ಅವರ ತಂಡ ಎಟಿಜಿ12ರ ದಾರಿಯನ್ನು ಯೀಸ್ಟಿನಲ್ಲಿ 1998ರಲ್ಲಿ ತೋರಿಸಿತು. ಎಟಿಜಿ8ರ ದಾರಿ 2000ದಲ್ಲಿ ಗೊತ್ತಾಯಿತು. ಎರಡಕ್ಕೂ ಮೊದಲ ಬಾಗಿಲು ಎಟಿಜಿ7. ಮನುಷ್ಯರಲ್ಲಿ ಇದು 703 ಅಮೈನೋ ಆಮ್ಲಗಳ ಪ್ರೋಟೀನ್, ಕೆಲಸ ಮಾಡುವ ಸಿಸ್ಟೀನ್ 572ನೆಯದು. ಯೀಸ್ಟಿನಲ್ಲಿ ಅದೇ ಸಿಸ್ಟೀನ್ 507ನೆಯದು.

ಈಗ ಎರಡು ದಾರಿ ನೋಡಿ. ಎಟಿಜಿ12 ಹುಟ್ಟುವಾಗಲೇ ಗ್ಲೈಸಿನ್ ತುದಿಯೊಂದಿಗೆ ಸಿದ್ಧ. ಎಟಿಜಿ7 ಅದನ್ನು ಎಟಿಜಿ10 ಎಂಬ ಇ2ಗೆ ದಾಟಿಸುತ್ತದೆ, ಅದು ಎಟಿಜಿ5ಗೆ ಅಂಟಿಸುತ್ತದೆ. ಎಟಿಜಿ8ಕ್ಕೆ ಬಾಲದಲ್ಲಿ ಹೆಚ್ಚುವರಿ ತುಣುಕು ಇರುತ್ತದೆ. ಎಟಿಜಿ4 ಅದನ್ನು ಕತ್ತರಿಸಿದ ಮೇಲೆಯೇ ಗ್ಲೈಸಿನ್ ಹೊರಗೆ ಬರುತ್ತದೆ. ಆಮೇಲೆ ಎಟಿಜಿ7, ಅಲ್ಲಿಂದ ಎಟಿಜಿ3. ಕೊನೆಗೆ ಎಟಿಜಿ8 ಅಂಟುವುದು ಯಾವ ಪ್ರೋಟೀನಿಗೂ ಅಲ್ಲ, ಪೊರೆಯಲ್ಲಿರುವ ಫಾಸ್ಫಟಿಡಿಲ್‌ಎಥನಾಲಮೀನ್ ಎಂಬ ಕೊಬ್ಬಿಗೆ. ಯುಬಿಕ್ವಿಟಿನ್ ಬಳಗದ ಪ್ರೋಟೀನ್ ಕೊಬ್ಬಿಗೆ ಅಂಟುತ್ತದೆ ಎಂದಾಗ ಆ ಕಾಲಕ್ಕೆ ಅದು ಹೊಸ ಸುದ್ದಿ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಇನ್ನೊಂದು: ಮೊದಲ ದಾರಿಯಲ್ಲಿ ತಯಾರಾದ ಎಟಿಜಿ12–ಎಟಿಜಿ5 ಜೋಡಿ, ಎಟಿಜಿ16 ಜೊತೆ ಸೇರಿ, ಎರಡನೆಯ ದಾರಿಯ ಕೊನೆಯ ಹೆಜ್ಜೆಗೆ ಇ3 (ಇ2ಯಿಂದ ಗುರಿಗೆ ದಾಟಿಸಲು ನೆರವಾಗುವ ಕಿಣ್ವ) ತರಹ ನಿಲ್ಲುತ್ತದೆ. ಎಟಿಜಿ8 ಯಾವ ಪೊರೆಗೆ ಅಂಟಬೇಕು ಎಂದು ತೋರಿಸುವುದೂ ಅದೇ. ಅಂದರೆ ಎಟಿಜಿ7 ಇಲ್ಲದಿದ್ದರೆ ಎಟಿಜಿ8ಕ್ಕೆ ಏಟು ಎರಡು ಕಡೆಯಿಂದ.

ಅದಲು ಬದಲಿನ ವಿಷಯ. ಎಟಿಜಿ7 ಎರಡೆರಡಾಗಿ ಜೋಡಿ ಕಟ್ಟಿಕೊಂಡು ಕೆಲಸ ಮಾಡುತ್ತದೆ. ಎಟಿಜಿ8, ಎಟಿಜಿ12 ಕೂರುವುದು ಅದರ ಅಮೈನೋ ಆಮ್ಲಗಳ ಸಾಲಿನ ಹಿಂಭಾಗದಲ್ಲಿ, ಇ2ಗಳು ಕೂರುವುದು ಮುಂಭಾಗದಲ್ಲಿ. ಮಾಮೂಲಿ ಇ1ಗಳಿಗೆ ಈ ತರಹದ ಮುಂಭಾಗ ಇಲ್ಲ. 2011ರಲ್ಲಿ ರಚನೆ ಬಿಡಿಸಿ ನೋಡಿದಾಗ ಇನ್ನೊಂದು ವಿಚಿತ್ರ ಕಂಡಿತು. ಒಂದು ಎಟಿಜಿ7 ಹಿಡಿದಿರುವ ಎಟಿಜಿ8 ತನ್ನದೇ ಮುಂಭಾಗದ ಇ2ಗೆ ಹೋಗುವುದಿಲ್ಲ, ಜೊತೆಗಾರನ ಮುಂಭಾಗದಲ್ಲಿ ಕೂತ ಇ2ಗೆ ಅಡ್ಡ ದಾಟುತ್ತದೆ. ಜೋಡಿ ಮುರಿದರೆ ಕೆಲಸ ಕೆಡುವುದು ಇದಕ್ಕೇ. ಹಾಗಂತ ಎರಡು ದಾರಿಗಳ ನಡುವೆ ಗೋಡೆ ಏನೂ ಇಲ್ಲ. ಎಟಿಜಿ12 ನೇರವಾಗಿ ಎಟಿಜಿ3ಕ್ಕೇ ಅಂಟಿಕೊಳ್ಳುವುದುಂಟು ಎಂದು 2010ರಲ್ಲಿ ವರದಿಯಾಯಿತು. ಅದು ಕೈತಪ್ಪಿದ್ದಲ್ಲ. ಆ ಜೋಡಿ ಆಗದಂತೆ ತಡೆದರೆ ಮೈಟೊಕಾಂಡ್ರಿಯಾಗಳ ಲೆಕ್ಕವೇ ಏರುಪೇರಾಗುತ್ತದೆ.

ಮುಂದೆ ಇದರಲ್ಲೇ ಕೆಲಸ ಮಾಡುವ ಮನಸ್ಸಿದ್ದರೆ ದೂರ ಹೋಗಬೇಕಿಲ್ಲ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಆಟೋಫೇಜಿ ಪ್ರಯೋಗಾಲಯ ಇದೆ.

ಪ್ರಶ್ನೆ: ಏಕಾದಶಿ ಉಪವಾಸ ಮಾಡಿದರೆ ಆಟೋಫೇಜಿ ಶುರುವಾಗುತ್ತದೆ, ಇದಕ್ಕೆ ನೊಬೆಲ್ ಬಂದಿದೆ ಎಂದು ವಾಟ್ಸಾಪ್‌ನಲ್ಲಿ ಓದಿದೆ. ಎಟಿಜಿ7 ಹೆಚ್ಚಿಸುವ ಮಾತ್ರೆಯೂ ಇದೆಯಂತೆ. ನಿಜವೇ?

ಉತ್ತರ: 2016ರ ನೊಬೆಲ್ ಒಸುಮಿ ಅವರಿಗೆ ಬಂದದ್ದು ಯೀಸ್ಟಿನ ಕೆಲಸಕ್ಕೆ. ಮನುಷ್ಯರ ಉಪವಾಸಕ್ಕಲ್ಲ. ಹಸಿವೆಗೂ ಆಟೋಫೇಜಿಗೂ ನಂಟು ಇರುವುದು ನಿಜ. ಆಹಾರ ಕಡಿಮೆಯಾದಾಗ ಎಂಟಿಒಆರ್ ಎಂಬ ಕಿಣ್ವ ಹಿಡಿತ ಸಡಿಲಿಸುತ್ತದೆ, ಆಟೋಫೇಜಿಗೆ ಚಾಲನೆ ಕೊಡುವ ಯುಎಲ್‌ಕೆ1 ಎಂಬ ಕಿಣ್ವ ಚುರುಕಾಗುತ್ತದೆ, ಕೆಲಸ ಶುರುವಾಗುತ್ತದೆ. ಇಲಿಗಳನ್ನು ಒಂದು ದಿನ ಹಸಿವಿನಲ್ಲಿಟ್ಟಾಗ ಯಕೃತ್ತು, ಸ್ನಾಯುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆದರೆ ಪುಟ್ಟ ಇಲಿಗೆ ಒಂದು ದಿನದ ಹಸಿವೆ ಎಂದರೆ ನಮ್ಮ ಒಂದು ದಿನದ ಉಪವಾಸಕ್ಕಿಂತ ಬಹಳ ಕಠಿಣ. ಅದನ್ನೇ ನೇರವಾಗಿ ನಮಗೆ ಹೊಂದಿಸಿ ಗಂಟೆ ಲೆಕ್ಕ ಹೇಳುವವರನ್ನು ನಾನಂತೂ ನಂಬುವುದಿಲ್ಲ. ಏಕಾದಶಿ ಮಾಡುವವರು ಭಕ್ತಿಗೆ ಮಾಡಲಿ, ಅದಕ್ಕೆ ನೊಬೆಲ್ ಮುದ್ರೆ ಬೇಕಿಲ್ಲ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಬಿಡಬೇಡಿ.

ಮಾತ್ರೆಯ ಮಾತು ಬಿಡಿ. ಎಟಿಜಿ7 ಹೆಚ್ಚಿಸಲು ಎಂದು ಒಪ್ಪಿಗೆ ಪಡೆದ ಔಷಧಿ ಯಾವುದೂ ಇಲ್ಲ. ಅದು ಹೊಟ್ಟೆ ತುಂಬಿದ್ದಾಗಲೂ ಜೀವಕೋಶದಲ್ಲಿ ಇದ್ದೇ ಇರುತ್ತದೆ. ಹಸಿವೆಯ ಸುದ್ದಿ ಮೊದಲು ಮುಟ್ಟುವುದು ಇನ್ನೂ ಮೇಲಿನ ಹಂತಕ್ಕೆ.

ಪ್ರಶ್ನೆ: ಎಟಿಜಿ7 ಇಲ್ಲದೆ ಜೀವ ಉಳಿಯಬಹುದೇ?

ಉತ್ತರ: ಇಲಿಯಲ್ಲಿ ಇಲ್ಲ. ಈ ಜೀನ್ ತೆಗೆದ ಮರಿಗಳು ಹುಟ್ಟುತ್ತವೆ, ಆದರೆ ಒಂದು ದಿನದೊಳಗೆ ಸಾಯುತ್ತವೆ ಎಂದು 2005ರಲ್ಲಿ ಗೊತ್ತಾಯಿತು. ಹುಟ್ಟಿದ ಕೂಡಲೇ ತಾಯಿಯಿಂದ ಬರುವ ಪೋಷಣೆ ನಿಲ್ಲುತ್ತದಲ್ವಾ? ಆ ಹೊತ್ತಿನಲ್ಲಿ ಮರಿ ತನ್ನ ಪ್ರೋಟೀನನ್ನೇ ಕರಗಿಸಿ ಅಮೈನೋ ಆಮ್ಲ ಹೊಂದಿಸಿಕೊಳ್ಳಬೇಕು, ಅದು ಇವಕ್ಕೆ ಆಗುವುದಿಲ್ಲ. ಮಿದುಳಿನಲ್ಲಿ ಮಾತ್ರ ಜೀನ್ ತೆಗೆದಾಗ ನರಕೋಶಗಳು ಸತ್ತವು, ಉಳಿದವುಗಳೊಳಗೆ ಯುಬಿಕ್ವಿಟಿನ್ ಅಂಟಿದ ಪ್ರೋಟೀನ್ ಗಂಟುಗಳು ತುಂಬಿಕೊಂಡವು. ಆ ಇಲಿಗಳು 28 ವಾರ ದಾಟಲಿಲ್ಲ.

ಹಾಗಾಗಿ ಮನುಷ್ಯರಲ್ಲಿ ಸಾಧ್ಯವೇ ಇಲ್ಲ ಎಂದುಕೊಂಡವರೇ ಜಾಸ್ತಿ. 2021ರಲ್ಲಿ ಐದು ಕುಟುಂಬಗಳ 12 ಜನರ ವಿವರ ಪ್ರಕಟವಾಯಿತು. ಎಲ್ಲರಲ್ಲೂ ಎಟಿಜಿ7 ಜೀನಿನ ಎರಡೂ ಪ್ರತಿಗಳಲ್ಲಿ ದೋಷ. ನಡಿಗೆಯಲ್ಲಿ ಸಮತೋಲ ತಪ್ಪುವುದು, ಬೆಳವಣಿಗೆ ತಡವಾಗುವುದು, ಕಿರುಮಿದುಳು ಚಿಕ್ಕದಿರುವುದು ಇವರಲ್ಲಿ ಕಂಡ ತೊಂದರೆಗಳು. ಕೆಲವರಲ್ಲಿ ಈ ಪ್ರೋಟೀನ್ ಪರೀಕ್ಷೆಗೆ ಸಿಗುವಷ್ಟೂ ಇರಲಿಲ್ಲ, ಆದರೂ ಬದುಕಿದ್ದರು.

ಪ್ರಶ್ನೆ: ಜೀವಕೋಶಗಳಿಗೆ ಔಷಧಿ ಹಾಕಿದ ಮೇಲೆ, ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ) ಎಲ್‌ಸಿ3-2 ಬ್ಯಾಂಡ್ ದಪ್ಪಗಾಯಿತು. ಆಟೋಫೇಜಿ ಹೆಚ್ಚಿತು ಎಂದು ಬರೆಯಬಹುದೇ?

ಉತ್ತರ: ಈಗಲೇ ಬರೆಯಬೇಡಿ. ಎಲ್‌ಸಿ3 ನಮ್ಮ ದೇಹದ ಎಟಿಜಿ8 ಬಳಗದ್ದು. ಕೊಬ್ಬಿಗೆ ಅಂಟಿದ ರೂಪವೇ ಎಲ್‌ಸಿ3-2, ತೂಕ ಹೆಚ್ಚಿದ್ದರೂ ಜೆಲ್‌ನಲ್ಲಿ ಬೇಗ ಕೆಳಗೆ ಓಡುತ್ತದೆ. ಪೊರೆಗಳು ಜಾಸ್ತಿ ತಯಾರಾದರೂ ಈ ಬ್ಯಾಂಡ್ ದಪ್ಪಗಾಗುತ್ತದೆ, ಲೈಸೋಸೋಮ್ ಕೆಟ್ಟು ಕರಗುವುದು ನಿಂತರೂ ದಪ್ಪಗಾಗುತ್ತದೆ. ಬ್ಯಾಫಿಲೊಮೈಸಿನ್ ಹಾಕಿ ಲೈಸೋಸೋಮನ್ನು ನೀವೇ ತಡೆದು, ಔಷಧಿ ಇದ್ದಾಗ ಮತ್ತು ಇಲ್ಲದಾಗ ಎರಡನ್ನೂ ಹೋಲಿಸಿ. ತಡೆದ ಮೇಲೂ ಔಷಧಿಯ ಕಡೆ ಬ್ಯಾಂಡ್ ಇನ್ನೂ ಹೆಚ್ಚಾದರೆ ನಿಮ್ಮ ಮಾತಿಗೆ ಬಲ.

ಎಟಿಜಿ7 ತೆಗೆದ ಜೀವಕೋಶಗಳು ಸಿಕ್ಕರೆ ಪಕ್ಕದಲ್ಲೇ ಓಡಿಸಿ. ಅಲ್ಲಿ ಎಲ್‌ಸಿ3-2 ಮಾಯವಾಗಿ, ಕೊಬ್ಬಿಗೆ ಅಂಟದ ರೂಪವಾದ ಎಲ್‌ಸಿ3-1 ಗುಡ್ಡೆ ಬಿದ್ದಿರಬೇಕು. ಎಟಿಜಿ5 ಪ್ರತಿಕಾಯ ಹಾಕಿದರೆ ಸುಮಾರು 55 ಕಿಲೋಡಾಲ್ಟನ್ ಹತ್ತಿರದ ಎಟಿಜಿ12–ಎಟಿಜಿ5 ಜೋಡಿಯ ಬ್ಯಾಂಡ್ ಹೋಗಿ, 32ರ ಹತ್ತಿರ ಒಂಟಿ ಎಟಿಜಿ5 ಕಾಣಬೇಕು. ಆಟೋಫೇಜಿಯಲ್ಲಿ ತಾನೂ ಕರಗಿಹೋಗುವ ಪಿ62 ಎಂಬ ಪ್ರೋಟೀನನ್ನೂ ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ಜೀವಕೋಶಕ್ಕೆ ಒತ್ತಡ ಬಿದ್ದರೆ ಅದರ ಜೀನೇ ಹೆಚ್ಚು ಓದಲ್ಪಡುತ್ತದೆ, ಆಗ ಆಟೋಫೇಜಿ ಚೆನ್ನಾಗಿದ್ದರೂ ಬ್ಯಾಂಡ್ ದಪ್ಪಗೇ ಇರುತ್ತದೆ.