ರೀವ್ಯಾಲ್ಯುಯೇಷನ್ ಹಾಕಿ ಕಾಯಬೇಕಾ, ರಿಪೀಟ್ ಪರೀಕ್ಷೆಗೆ ಫೀ ಕಟ್ಟಬೇಕಾ?

ಐದನೇ ಸೆಮಿಸ್ಟರಿನ ಒಂದೇ ಪೇಪರ್ ನಾಲ್ಕೇ ಅಂಕದಲ್ಲಿ ಹೋಗಿದೆ, ಉತ್ತರಪತ್ರಿಕೆ ಮತ್ತೆ ತಿದ್ದಿಸಲು ರೀವ್ಯಾಲ್ಯುಯೇಷನ್ ಹಾಕಿ ಕಾಯಲಾ, ಇಲ್ಲಾ ಮತ್ತೆ ಪರೀಕ್ಷೆ ಬರೆಯಲು ಫೀ ಕಟ್ಟಲಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2014ರ ಮಾರ್ಚ್ ತಿಂಗಳು ಕಣ್ಣೆದುರು ಬಂತು. ನನ್ನದೂ ಬಿ.ಎಸ್ಸಿ, ಶಿವಮೊಗ್ಗದಲ್ಲಿ. ಭೌತಶಾಸ್ತ್ರದ ಕ್ವಾಂಟಮ್ ಪೇಪರಿನಲ್ಲಿ ಪಾಸಾಗಲು 28 ಬೇಕಿತ್ತು, ಬಂದದ್ದು 24.

ಆವತ್ತು ತೀರ್ಥಹಳ್ಳಿ ಬಸ್ಸು ಗಾಜನೂರು ದಾಟಿ ಮಂಡಗದ್ದೆಗೆ ಬರುವಷ್ಟರಲ್ಲಿ ನಾನು ತೀರ್ಮಾನಿಸಿಬಿಟ್ಟಿದ್ದೆ: ತಪ್ಪು ನನ್ನದಲ್ಲ, ಪೇಪರ್ ತಿದ್ದಿದವರದು. ಮನೆಯಲ್ಲೂ ಹಾಗೇ ಹೇಳಿದೆ. ರೀವ್ಯಾಲ್ಯುಯೇಷನ್‌ಗೆ ಹಾಕಿದೆ. ಮೊದಲು ಉತ್ತರಪತ್ರಿಕೆಯ ಫೋಟೋಕಾಪಿ ತರಿಸಬಹುದಿತ್ತು. ಬರೆದವನು ನಾನೇ, ಅದರಲ್ಲಿ ನೋಡುವುದೇನಿದೆ ಅಂದುಕೊಂಡೆ.

ಏಪ್ರಿಲಿನಲ್ಲಿ ಆರನೇ ಸೆಮಿಸ್ಟರಿನ ಪರೀಕ್ಷಾ ಫೀ ನೋಟಿಸ್ ಬಂತು. ಐದನೆಯದರ ಬ್ಯಾಕನ್ನೂ, ಅಂದರೆ ಫೇಲಾದ ಪೇಪರನ್ನೂ, ಅದರ ಜೊತೆಗೇ ಬರೆಯಲು ನಮಗೆ ಬಿಟ್ಟಿದ್ದರು. ಆಫೀಸಿನ ಕ್ಲಾರ್ಕ್ ನನ್ನ ಫಾರಂ ನೋಡಿ, "ಬ್ಯಾಕಿಗೂ ಕಟ್ಟಿಬಿಡೋ ಮಾರಾಯ, ರೀವ್ಯಾಲ್ಯುಯೇಷನ್ ಯಾವಾಗ ಬರುತ್ತೋ ಏನೋ" ಅಂದರು. ಜೇಬಿನಲ್ಲಿ ದುಡ್ಡಿತ್ತು. ಕಟ್ಟಲಿಲ್ಲ.

ಯಾಕೆ ಕಟ್ಟಲಿಲ್ಲ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ದುಡ್ಡು ದಂಡ ಆಗುತ್ತೆ ಅಂತ ಬಾಯಲ್ಲಿ ಹೇಳಿದೆ, ನಿಜ ಅದಲ್ಲ. ಕಟ್ಟಿದರೆ ಡುಮ್ಕಿ ಹೊಡೆದದ್ದನ್ನು ಒಪ್ಪಿಕೊಂಡ ಹಾಗೆ. ಅಪ್ಪನಿಗೆ ಹೇಳಿದ ಮಾತು ಸುಳ್ಳಾದ ಹಾಗೆ. ಇನ್ನೊಂದು ಹುಚ್ಚೂ ತಲೆಯಲ್ಲಿತ್ತು: ಫೀ ಕಟ್ಟಿದ್ದು ಪತ್ರಿಕೆ ತಿದ್ದುವವರಿಗೆ ಗೊತ್ತಾಗಿ, 'ಇವನು ಹೇಗೂ ಮತ್ತೆ ಬರೀತಾನಲ್ಲ' ಅಂತ ಅಂಕ ಕೊಡದೇ ಹೋದರೆ? ಪತ್ರಿಕೆಯ ಮೇಲೆ ಇರುವುದು ಕೋಡ್ ನಂಬರ್. ತಿದ್ದುವವರಿಗೆ ನಾನು ಯಾರೆಂದೇ ತಿಳಿಯದು, ಫೀ ಲೆಕ್ಕ ಅವರ ಕಣ್ಣಿಗೆ ಬೀಳುವುದೂ ಇಲ್ಲ. ಇಷ್ಟೂ ಗೊತ್ತಿದ್ದೂ ಹೆದರಿದೆ. ಕೊನೇ ದಿನ ಹೋಯಿತು. ದಂಡ ಸಮೇತ ಕಟ್ಟುವ ದಿನವೂ ಹೋಯಿತು. ಪರೀಕ್ಷೆ ನಡೆಯುತ್ತಿರುವಾಗ ಫಲಿತಾಂಶ ಬಂತು: ಬದಲಾವಣೆ ಇಲ್ಲ. ನಾಲ್ಕು ದಿನ ಬಿಟ್ಟು ಅದೇ ಕ್ವಾಂಟಮ್ ಪೇಪರ್ ಇತ್ತು. ನನ್ನ ಹಾಲ್ ಟಿಕೆಟ್‌ನಲ್ಲಿ ಅದರ ಹೆಸರಿರಲಿಲ್ಲ.

ಮುಂದಿನ ಅವಕಾಶ ನವೆಂಬರಿಗೆ. ಆ ಮಳೆಗಾಲ ಪೂರ್ತಿ ಮನೆಯ ಅಡಿಕೆ ತೋಟದಲ್ಲಿದ್ದೆ. ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸುವಾಗ ಅಪ್ಪ, "ಮಳೆ ಬಿಡಬಹುದು ಅಂತ ಇದನ್ನ ತಪ್ಪಿಸಿ ಕೂತ್ರೆ ಅಡಿಕೆ ಕೊನೆ ಉಳೀತದಾ? ಬಿಟ್ರೆ ಬಿಡ್ಲಿ, ಹೊಡೆದದ್ದೇನು ನಷ್ಟ" ಅಂದರು, ಮರದ ಕಡೆ ನೋಡಿಕೊಂಡೇ. ನೇರ ಬೈದಿದ್ದರೆ ವಾಸಿಯಿತ್ತು.

ಫೋಟೋಕಾಪಿಯ ಗಡುವು ಮುಗಿದಿದ್ದರಿಂದ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಪರೀಕ್ಷೆ ಬರೆದವರಿಗೆ ತಮ್ಮ ಉತ್ತರಪತ್ರಿಕೆ ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ. ನಾನು ಮೊದಲು ಮೂರು ಪುಟ ಗೋಳು ಬರೆದು ಹರಿದು ಹಾಕಿದ್ದೆ. ಪ್ರತಿ ಬಂತು. ಒಂದು ಆಯಾಮದ ಪೆಟ್ಟಿಗೆಯೊಳಗಿನ ಕಣದ ಬಗ್ಗೆ ಕೇಳಿದ್ದಕ್ಕೆ ನಾನು ಎರಡು ಪುಟ ಹಾರ್ಮೋನಿಕ್ ಆಸಿಲೇಟರ್ ಬರೆದಿದ್ದೆ. ಚೆನ್ನಾಗಿಯೇ ಬರೆದಿದ್ದೆ. ಸೊನ್ನೆ.

ನವೆಂಬರಿನಲ್ಲಿ, ಮನೆಯಲ್ಲಿ ಅಡಿಕೆ ಕೊಯ್ಲು ನಡೆಯುತ್ತಿರುವಾಗ, ಜೂನಿಯರ್‌ಗಳ ಜೊತೆ ಕೂತು ಬರೆದು ಪಾಸಾದೆ. ಆದರೆ ಆ ವರ್ಷದ ಬಿ.ಎಡ್ ಕೈತಪ್ಪಿತ್ತು. 2014ರಲ್ಲಿ ಸೇರಿದ್ದರೆ ಒಂದು ವರ್ಷದ ಕೋರ್ಸು. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ ಹೊಸ ನಿಯಮ ಬಂದು 2015ರಿಂದ ಅದು ಎರಡು ವರ್ಷ ಆಯಿತು. ನನ್ನ ಬೆಂಚಿನವರು 2015ಕ್ಕೆ ಮುಗಿಸಿದರು, ನಾನು 2017ಕ್ಕೆ.

ಹಾಗಾಗಿ 'ಇದಾ, ಅದಾ' ಅನ್ನುವ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಎರಡೂ ಹಾಕಿ. ಫೋಟೋಕಾಪಿ ತರಿಸಿ ಪ್ರಶ್ನೆಪತ್ರಿಕೆ ಪಕ್ಕಕ್ಕಿಟ್ಟುಕೊಂಡು ಓದಿ. ಕೂಡಿಸುವುದರಲ್ಲಿ ತಪ್ಪಿದ್ದರೆ, ತಿದ್ದದೇ ಬಿಟ್ಟ ಉತ್ತರವಿದ್ದರೆ ಮಾತ್ರ ರೀವ್ಯಾಲ್ಯುಯೇಷನ್ ಮೇಲೆ ಆಸೆ ಇಟ್ಟುಕೊಳ್ಳಿ. ಮಾಹಿತಿ ಹಕ್ಕನ್ನು ನಂಬಿ ಕೂರಬೇಡಿ, ಅವರಿಗೆ ಉತ್ತರಿಸಲು 30 ದಿನ ಇರುತ್ತೆ, ನಿಮ್ಮ ಗಡುವು ಅಷ್ಟು ಕಾಯುವುದಿಲ್ಲ. ತಿದ್ದಿದವರಿಗೆ ನಿಮ್ಮ ಮೇಲೆ ದ್ವೇಷ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಾನೂ ಅದನ್ನೇ ಹೇಳಿಕೊಂಡು ತಿರುಗಿದವನು.

2023ರಲ್ಲಿ ಸೇರಿದ್ದು ಅಂದಿದ್ದೀರಿ, ಅಂದರೆ ನಿಮ್ಮದು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಸ್ಕೀಮ್. 2024-25ರಿಂದ ಸೇರಿದವರಿಗೆ ಸರ್ಕಾರ ಪಠ್ಯಕ್ರಮವನ್ನೇ ಬದಲಿಸಿದೆ. ತಡ ಮಾಡಿದಷ್ಟೂ ನಿಮ್ಮ ಪೇಪರಿನ ಪಾಠ ಹೇಳುವ ಕ್ಲಾಸೂ ಇರುವುದಿಲ್ಲ, ನೋಟ್ಸ್ ಕೊಡುವ ಜೂನಿಯರೂ ಸಿಗುವುದಿಲ್ಲ.

ಮನೆಯಲ್ಲಿ ಹೇಳಬೇಕಾ ಅಂತಲೂ ಕೇಳಿದ್ದೀರಿ. ಎರಡೆರಡು ಫೀಗೆ ದುಡ್ಡು ಬೇಕಲ್ಲ, ಹೇಳಿ. ಇಷ್ಟೆಲ್ಲ ಬರೆದವರು ಫೀ ಕಟ್ಟುವ ಕೊನೇ ದಿನ ಯಾವತ್ತು ಅಂತ ಮಾತ್ರ ಬರೆದಿಲ್ಲ. ನಾಳೆ ಬೆಳಗಿನ ಬಸ್ಸಿಗೇ ಹೋಗಿ ಮೊದಲು ಅದನ್ನು ಕೇಳಿಕೊಂಡು ಬನ್ನಿ.